ಅಳಿಯನ ಪಾಳಿ

ಕೋಡ್ಲಾಪುರದ ವಿದ್ಯುತ್ ಕಚೇರಿಯಲ್ಲಿ ಬೇಸಿಗೆಯ ಮಧ್ಯಾಹ್ನ ತಣ್ಣಗಿರುತ್ತಿದ್ದ ಕೋಣೆ ಒಂದೇ. ಅದು ಎಂಜಿನಿಯರ್ ಸಾಹೇಬರದಲ್ಲ, ಅಳಿಯನದು. ಅಳಿಯ ಎಂದರೆ ಮನುಷ್ಯನಲ್ಲ. ಹೆಗಲಿಗೇರಿಸಿದರೆ ಹೆಗಲು ಜಗ್ಗಿಸುವ, ಇಟ್ಟಿಗೆಯಷ್ಟು ದೊಡ್ಡ ಚಾರ್ಜರ್ ಬೇಡುವ ಒಂದು ದಪ್ಪ ಲ್ಯಾಪ್‌ಟಾಪ್. ಕಾಗದಪತ್ರದಲ್ಲಿ ಅದರ ಹೆಸರು ಮೊಬೈಲ್ ವರ್ಕ್‌ಸ್ಟೇಷನ್. ತಂಪಿನಲ್ಲಿ ಕೂರಿಸಬೇಕು, ಧೂಳು ತಾಗಿಸಬಾರದು, ಹೊತ್ತುಹೊತ್ತಿಗೆ ವಿಚಾರಿಸಬೇಕು, ಇಷ್ಟು ಮಾಡಿದರೂ ಮುಖ ಊದಿಸಿಕೊಳ್ಳುತ್ತದೆ ಎಂದು ಲೈನ್‌ಮನ್ ಖಾಜಾಸಾಬ ಅದಕ್ಕೆ ಆ ಹೆಸರಿಟ್ಟಿದ್ದ. ಜಗದೇವಿ ಆ ಅಳಿಯನನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಇದು ಆರನೆಯ ಬೇಸಿಗೆ. ಮನೆಯಲ್ಲಿ ಅತ್ತೆ, ಕಚೇರಿಯಲ್ಲಿ ಅಳಿಯ. ಇಬ್ಬರನ್ನೂ ಸಂಭಾಳಿಸಿ ಅವಳಿಗೆ ಸಾಕುಸಾಕಾಗಿತ್ತು.

ಬೇಸಿಗೆ ಎಂದರೆ ಹಿಂದಿನ ಕಾಲದ ಬೇಸಿಗೆಯಲ್ಲ. ಹನ್ನೊಂದು ಗಂಟೆಯಿಂದ ನಾಲ್ಕರವರೆಗಿನ ಹೊತ್ತಿಗೆ ಊರಿನವರು ಬೆಂಕಿಹೊತ್ತು ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು. ಆ ಹೊತ್ತಿನಲ್ಲಿ ಬೀದಿಗೆ ನಾಯಿಯೂ ಬರುತ್ತಿರಲಿಲ್ಲ. ಶಾಲೆ ಸೂರ್ಯ ಹುಟ್ಟುವ ಮೊದಲೇ ಶುರುವಾಗಿ ಎಂಟಕ್ಕೆ ಬಿಡುತ್ತಿತ್ತು. ಕಲ್ಲುಗಣಿಯವರು ಬೆಳಕು ಹಾಕಿಕೊಂಡು ಕತ್ತಲಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ಮದುವೆಯ ಅಕ್ಕಿಕಾಳು ನಸುಕಿನಲ್ಲಿ ಬೀಳುತ್ತಿದ್ದವು, ಹೆಣವನ್ನು ಸಂಜೆಯವರೆಗೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಜನ ಇದಕ್ಕೆಲ್ಲ ಹೊಂದಿಕೊಂಡಿದ್ದರು. ಹೊಂದಿಕೊಳ್ಳುವುದು ಬಿಟ್ಟು ಮಾಡುವುದಾದರೂ ಏನಿತ್ತು?

ಸರ್ಕಾರ ಮನೆಗೊಂದು ಚಿಕ್ಕ ಎ.ಸಿ. ಕೊಟ್ಟಿತ್ತು. ಬಿಸಿಲಿನಿಂದಲೇ ಮಾಡುತ್ತಿದ್ದ ಕರೆಂಟಿಗೆ ಬರವಿರಲಿಲ್ಲ; ಅದನ್ನು ಹೊರುವ ತಂತಿಗೆ, ಟ್ರಾನ್ಸ್‌ಫಾರ್ಮರಿಗೆ ತ್ರಾಣವಿರಲಿಲ್ಲ. ಆ ಕಾವಿನಲ್ಲಿ ಓಣಿಯೊಂದರ ಟ್ರಾನ್ಸ್‌ಫಾರ್ಮರ್ ಒಂದು ಹೊತ್ತಿಗೆ ಒಂದೇ ಎ.ಸಿ. ಹೊರಬಲ್ಲದಾಗಿತ್ತು. ಎರಡು ಹಾಕಿದರೆ ಒಳಗಿನ ಎಣ್ಣೆ ಕುದಿಯುತ್ತಿತ್ತು. ಅದಕ್ಕೇ ಪಾಳಿ ಬಂತು. ಪ್ರತಿ ಮನೆಯ ಮೀಟರಿನ ಪಕ್ಕ ಒಂದು ಬಿಳಿ ಡಬ್ಬಿ ಕೂರಿಸಿದರು. ಮನೆಯೊಳಗೆ ಎಷ್ಟು ಜನ ಉಸಿರಾಡುತ್ತಿದ್ದಾರೆ, ಅವರ ಮೈ ಎಷ್ಟು ಕಾದಿದೆ, ಚಾವಣಿ ಎಷ್ಟು ಕಾದಿದೆ ಎನ್ನುವುದನ್ನು ಆ ಡಬ್ಬಿ ಗೋಡೆಯಿಂದಲೇ ತಿಳಿದು ಅಳಿಯನಿಗೆ ಹೇಳುತ್ತಿತ್ತು. ಯಾರ ಮನೆಗೆ ಯಾವಾಗ ಎಂದು ಅಳಿಯ ನಿರ್ಧರಿಸುತ್ತಿದ್ದ. ದೂರದ ದೊಡ್ಡ ಕಂಪ್ಯೂಟರುಗಳನ್ನು ನಂಬುವ ಹಾಗಿರಲಿಲ್ಲ, ಬೆಂಕಿಹೊತ್ತಿಗೆ ಸರಿಯಾಗಿ ಟವರುಗಳು ಸೋತು ಸಂಪರ್ಕ ಹರಿಯುತ್ತಿತ್ತು. ಆದ್ದರಿಂದ ಊರಿಗೊಬ್ಬ ಅಳಿಯ. ಕಚೇರಿಯ ಕರೆಂಟೇ ಹೋದರೆ ಅವನನ್ನು ಮಡಚಿ ಜೀಪಿನಲ್ಲಿ ಹಾಕಿಕೊಂಡು ಇನ್ನೊಂದು ಕೇಂದ್ರಕ್ಕೆ ಓಡಬೇಕು.

ಆದರೆ ಅಳಿಯನಿಗೆ ಇಡೀ ಊರನ್ನು ಒಟ್ಟಿಗೆ ನೋಡುವಷ್ಟು ಮೆಮೊರಿ ಇರಲಿಲ್ಲ. ಲೆಕ್ಕ ದೊಡ್ಡದಾದರೆ ಬಿಸಿಯಾಗಿ, ಫ್ಯಾನು ಕಿರುಚಿ, ನಿಂತೇ ಬಿಡುತ್ತಿತ್ತು. ಹಾಗಾಗಿ ಮನೆಗೆ ಕಾಲು ಗಂಟೆಯಂತೆ ಎಲ್ಲರಿಗೂ ಸಮನಾಗಿ ಹಂಚುವ ಸುಲಭದ ಲೆಕ್ಕವನ್ನು ಅದಕ್ಕೆ ಕೊಟ್ಟಿದ್ದರು. ಯಾರು ಮೊದಲು ಎಂದು ಜಗಳ ಬರಬಾರದೆಂದು ಮನೆಗಳ ಸರದಿಯನ್ನು ದಿನದಿನವೂ ಚೀಟಿ ಎತ್ತಿದಂತೆ ಕಲಸುತ್ತಿದ್ದರು, ಯಾರಿಗೂ ಮೊದಲೇ ತಿಳಿಸುತ್ತಿರಲಿಲ್ಲ. ಬಂದಾಗ ಬಂತು, ಹೋದಾಗ ಹೋಯಿತು. ಆದರೂ ಪ್ರತಿ ಬೇಸಿಗೆಯಲ್ಲಿ ಮುದುಕರೂ ಕೂಸುಗಳೂ ಸಾಯುತ್ತಲೇ ಇದ್ದರು. ಈ ವರ್ಷ ಜಿಲ್ಲಾ ಕಚೇರಿಯಿಂದ ಹೊಸ ಮೆಮೊರಿ, ಹೊಸ ಡಿಸ್ಕು, ಹೊಸ ತಂತ್ರಾಂಶ ಬಂದವು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಜಗದೇವಿ ಅಳಿಯನನ್ನು ಬೋರಲು ಮಲಗಿಸಿ ಬೆನ್ನಿನ ಮುಚ್ಚಳ ಬಿಚ್ಚಿದಳು. ಬಿಚ್ಚಿದವಳು ಹಾಗೇ ಕುಳಿತಳು. ಫ್ಯಾನಿನ ರೆಕ್ಕೆಗಳಿಗೆಲ್ಲ ಅರಿಶಿನದ ಹಳದಿ ಮೆತ್ತಿಕೊಂಡಿತ್ತು. ತಾಮ್ರದ ಕೊಳವೆಯ ಸಂದಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು.

“ಖಾಜಾಸಾಬ, ಇದೇನ್ರಿ ಇದು?”

ಖಾಜಾಸಾಬ ಬಗ್ಗಿ ನೋಡಿ ತಲೆ ಕೆರೆದುಕೊಂಡ. “ಆಯುಧಪೂಜಿದು ಇರಬೇಕ್ರಿ ಅಕ್ಕೋರ. ಜೀಪಿಗಿ ಹಚ್ಚಿದೆ, ಏಣಿಗಿ ಹಚ್ಚಿದೆ, ಇವನೊಬ್ಬಂಗ ಬಿಟ್ರ ಸಿಟ್ಟಾಗ್ತಾನಂತ ಇವಗೂ ಹಚ್ಚಿದೆ.”

“ಹಣಿಗಿ ಹಚ್ಚಂದ್ರ ಮೂಗಿನಾಗ ತುಂಬೀರಲ್ರಿ! ಅದಕ್ಕೇ ಯುಗಾದಿಯಿಂದ ಉಸಿರು ಕಟ್ಟಿದಂಗ ಮಾಡ್ಲಾಕತ್ತಿತ್ತು.”

“ಸುಮ್ನ ಬೈಬ್ಯಾಡ್ರಿ. ಪೂಜಿ ಮಾಡಿದ್ದಕ್ಕೇ ಇಷ್ಟು ದಿನ ನಡದದ.”

ಜಗದೇವಿಗೆ ನಗು ಬಂತು, ನಗುವಷ್ಟು ತ್ರಾಣ ಇರಲಿಲ್ಲ. ಬ್ರಷ್ಷಿನಿಂದ ಹಳದಿ ಕೆದರಿ ಊದಿದಳು. ಪ್ರೊಸೆಸರಿನ ಮೇಲೆ ಒಣಗಿ ಹಕ್ಕಳೆಯಾಗಿದ್ದ, ಕಾವು ಇಳಿಸುವ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿದಳು. ಹೊಸ ಮೆಮೊರಿಯ ನಾಲ್ಕು ಪಟ್ಟಿಗಳನ್ನು ಒಂದೊಂದಾಗಿ ಓರೆಯಾಗಿಟ್ಟು, ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದಳು. ಗುಂಡಿ ಅದುಮಿದರೆ ಫ್ಯಾನು ಒಮ್ಮೆ ಭೋರೆಂದು ತಿರುಗಿ ನಿಂತಿತು, ಪರದೆ ಕಪ್ಪಗೇ ಇತ್ತು.

ಮತ್ತೆ ಬಿಚ್ಚಿದಳು. ನಾಲ್ಕನ್ನೂ ತೆಗೆದು ಒಂದನ್ನೇ ಹಾಕಿ ನೋಡಿದಳು, ನಡೆಯಿತು. ಎರಡು ಹಾಕಿದಳು, ನಡೆಯಿತು. ಮೂರನೆಯದಕ್ಕೆ ಮುನಿಸು. ಆ ಪಟ್ಟಿಯ ಹಲ್ಲುಗಳನ್ನು ಮಗಳ ಕಂಪಾಸು ಪೆಟ್ಟಿಗೆಯಿಂದ ತಂದ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಅದು ಕೂರುವ ಸಂದಿಗೆ ಗಾಳಿ ಊದಿ ಮತ್ತೆ ಕೂರಿಸಿದಳು. ಈ ಸಲ ಪರದೆ ಬಹಳ ಹೊತ್ತು ಕಪ್ಪಗಿತ್ತು. ಖಾಜಾಸಾಬ ಏನೋ ಹೇಳಹೊರಟ. ಜಗದೇವಿ ಕೈ ಅಡ್ಡ ಹಿಡಿದಳು. ಹೊಸ ಮೆಮೊರಿಯ ಗುರುತು ಹಿಡಿಯಲು ಯಂತ್ರಕ್ಕೆ ಮೊದಲ ಸಲ ಹೊತ್ತು ಬೇಕು, ಅವಸರ ಮಾಡಿ ಆರಿಸಿದರೆ ಕೆಟ್ಟಿತು ಎಂಬುದು ಅವಳು ಅನುಭವದಿಂದ ಕಲಿತದ್ದು. ಕೊನೆಗೆ ಬೆಳಕು ಬಂತು. ನಾಲ್ಕೂ ಪಟ್ಟಿಗಳು ಕಂಡವು. ಶಬ್ದ ಕಡಿಮೆ ಮಾಡುವ ಸೆಟ್ಟಿಂಗ್ ತೆಗೆದು ಪೂರ್ತಿ ಶಕ್ತಿಗೆ ಹಾಕಿದಳು, ಎಷ್ಟು ಬಿಸಿಯಾದರೆ ನಿಧಾನಿಸಬೇಕೆಂಬ ಗಡಿ ಬರೆದಳು, ತಂತ್ರಾಂಶ ಏರಿಸಿದಳು. ಎಂಜಿನಿಯರ್ ಮಾಣಿಕರಾವ್ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತ, “ಇನ್ನ ಇಡೀ ಊರು ಒಮ್ಮೆಲೆ ಕಾಣ್ತದ ನೋಡು ಅಳಿಯಗ. ಈ ವರ್ಷ ಯಾರೂ ಸಾಯಬಾರದು” ಎಂದರು. ಹಾಗೆನ್ನುವಾಗ ಅವರ ದನಿ ನಿಜಕ್ಕೂ ಮೆತ್ತಗಾಗಿತ್ತು, ಹಿಂದಿನ ವರ್ಷ ಅವರ ತಮ್ಮನ ಹೆಂಡತಿ ಬೆಂಕಿಹೊತ್ತಿನಲ್ಲೇ ಹೋಗಿದ್ದಳು.

ಸೋಮವಾರ ಹನ್ನೊಂದಕ್ಕೆ ಅಳಿಯ ಹೊಸ ಲೆಕ್ಕ ಶುರುಮಾಡಿದ. ಹನ್ನೊಂದೂವರೆಗೆ ಕಚೇರಿಯ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು.

ಪರದೆಯ ಮೇಲೆ ಊರಿನ ನಕ್ಷೆ. ಪ್ರತಿ ಓಣಿಯಲ್ಲೂ ಒಂದೇ ಮನೆ ಹಸಿರು, ಉಳಿದವೆಲ್ಲ ಕಪ್ಪು. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು, ಹಸಿರು ಜಾಗ ಬಿಟ್ಟು ಕದಲಲಿಲ್ಲ.

“ಜಗದೇವಿ, ನಿನ್ನ ಅಳಿಯಗ ಹುಚ್ಚು ಹಿಡದದ ಏನ?” ಮಾಣಿಕರಾವ್ ಎರಡೂ ಕಿವಿಗೆ ಎರಡು ಫೋನು ಹಿಡಿದುಕೊಂಡೇ ಒಳಗೆ ಬಂದರು. “ಶಾಸಕರ ಮನಿಗಿ ಕರೆಂಟಿಲ್ಲಂತ, ಅವರ ಓಣ್ಯಾಗ ಇಸ್ತ್ರಿ ಅಂಗಡ್ಯಾವನ ಮನಿಗಿ ಕೊಟ್ಟಾನಂತ!”

ಜಗದೇವಿ ದೋಷದ ದಾಖಲೆ ತೆರೆದಳು. ಮೆಮೊರಿಯಲ್ಲಿ ಒಂದು ತಪ್ಪೂ ಇಲ್ಲ. ಬಿಸಿ ಗಡಿಯೊಳಗೇ ಇದೆ, ಫ್ಯಾನು ಸಲೀಸಾಗಿ ತಿರುಗುತ್ತಿದೆ. ಡಿಸ್ಕು ಪರೀಕ್ಷಿಸಿದಳು, ಡಬ್ಬಿಗಳಿಂದ ಬರುವ ಮಾಹಿತಿ ತಾಳೆ ನೋಡಿದಳು. ಕೊನೆಗೆ ಊರನ್ನೆಲ್ಲ ಬಿಟ್ಟು, ತಾನು ಬಲ್ಲ ತನ್ನ ಓಣಿಯೊಂದನ್ನೇ ಅದಕ್ಕೆ ಕೊಟ್ಟು, ಈ ಉತ್ತರ ಯಾಕೆ ಬಂತೆಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸು ಎಂದಳು. ಬಂದ ಉತ್ತರವನ್ನು ಓದಿ ಕುರ್ಚಿಗೆ ಒರಗಿದಳು.

“ಮಷೀನ್ ಬರೋಬ್ಬರಿ ಅದ ಸರ್.”

“ಬರೋಬ್ಬರಿ ಅದ ಅಂದ್ರ ಮಂದಿ ಯಾಕ ಬಾಯಿ ಬಡ್ಕೊಳ್ಲಾಕತ್ಯಾರ?”

“ಕಾಲು ತಾಸು ತಂಪಾದ್ರ ಚರ್ಮ ಆರ್ತದ್ರಿ, ಒಳಗಿನ ಕಾವು ಆರಲ್ಲ. ಒಳಗ ಆರಬೇಕಂದ್ರ ಎರಡು ಮೂರು ತಾಸು ಒಂದೇ ಸಮ ತಂಪಿನಾಗ ಇರಬೇಕು. ಇಷ್ಟು ವರ್ಷ ನಾವು ಎಲ್ಲಾರಿಗೂ ಸಮಾ ಹಂಚೀವಿ ಖರೆ, ಯಾರಿಗೂ ಉಪಯೋಗ ಆಗಿಲ್ಲ. ಇವ ಹೇಳೋದೇನಂದ್ರ, ಓಣಿಗಿ ಒಂದು ಮನಿ, ಇದ್ದುದ್ರಾಗ ತಂಪಿರೋ ಚಾವಣಿದು, ದೊಡ್ಡ ಪಡಸಾಲಿದು. ಆ ಒಂದೇ ಎ.ಸಿ. ಹತ್ತಿಸಿ ಇಡ್ರಿ, ಓಣಿಯವ್ರೆಲ್ಲಾ ಅಲ್ಲಿ ಹೋಗಿ ಕೂಡ್ರಿ. ಹಂಗಾದ್ರ ಯಾರೂ ಸಾಯಲ್ಲಂತ.”

ಮಾಣಿಕರಾವ್ ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟರು. ಅವು ಅಲ್ಲಿಯೂ ಬಡಿದುಕೊಂಡವು. ನಕ್ಷೆಯಲ್ಲಿ ಶಾಸಕರ ಓಣಿಯ ಹಸಿರು ಚುಕ್ಕೆಯ ಮೇಲೆ ಬೆರಳಿಟ್ಟರು.

“ಇಸ್ತ್ರಿ ಅಂಗಡ್ಯಾವನ ಮನ್ಯಾಗ ಶಾಸಕರ ತಾಯಿ ಹೋಗಿ ಕೂಡ್ತಾಳೇನ?”

“ಮಷೀನಿಗಿ ಅದು ಗೊತ್ತಿಲ್ರಿ.”

“ಗೊತ್ತಿಲ್ಲದ್ದಕ್ಕೇ ಇಷ್ಟು ಚಂದ ಲೆಕ್ಕಾ ಹಾಕ್ಯಾನ.” ಅವರು ಮುಖ ಒರೆಸಿಕೊಂಡರು. “ಖರೆ ಹೇಳ್ತೀನಿ, ನೀ ಹೇಳೋದು ನನಗ ತಿಳಿತು. ಆದ್ರ ನಾ ಯಾರಿಗೆ ತಿಳಿಸಿ ಹೇಳ್ಲಿ? ಇವತ್ತೊಂದಿನ ನಡೀಲಿ. ನಾಳಿ ಮುಂಜಾನಿ ಆ ಪಟ್ಟಿ ಕಿತ್ತು ಹಾಕು. ಹಳೇ ಪಾಳಿ.”

ಅವರು ಹೋದ ಮೇಲೆ ಜಗದೇವಿ ಪರದೆಯನ್ನು ತನ್ನ ಓಣಿಗೆ ತಂದಳು. ಅದು ರೈಲು ಹಳಿ ಅಗಲ ಮಾಡುವಾಗ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ಬಡಾವಣೆ. ಮನೆಗಳನ್ನು ಚೀಟಿ ಎತ್ತಿ ಹಂಚಿದ್ದರು, ಹಾಗಾಗಿ ಯಾರ ಪಕ್ಕ ಯಾರು ಬರಬೇಕೆಂದು ಯಾರನ್ನೂ ಕೇಳಿರಲಿಲ್ಲ. ಜಗದೇವಿಯ ಮನೆ ಐದನೆಯದು. ಕೊನೆಯ ಆರನೆಯದು, ಬೇವಿನ ಮರದ ಕೆಳಗಿನದು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಸುಬ್ಬಾಬಾಯಿಯದು. ಎರಡೂ ಮನೆಗೆ ಗೋಡೆ ಒಂದೇ. ಆದರೆ ಸುಬ್ಬಾಬಾಯಿ ಕೇರಿಯಿಂದ ಬಂದವಳು ಎಂಬ ಒಂದೇ ಕಾರಣಕ್ಕೆ ಜಗದೇವಿಯ ಅತ್ತೆ ಚಂದಮ್ಮ ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಹೊಸ್ತಿಲು ದಾಟಿರಲಿಲ್ಲ, ಆಕೆಯನ್ನು ತನ್ನ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಮಾತು ಮಾತ್ರ ಚೆನ್ನಾಗಿತ್ತು. ಸಂಜೆ ಆಕೆಯ ಕಟ್ಟೆಯಲ್ಲಿ ಆಕೆ, ಈಕೆಯ ಕಟ್ಟೆಯಲ್ಲಿ ಈಕೆ ಕೂತು ಮಂಡಿನೋವಿನ ವಿಷಯ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಹಸಿರು ಸುಬ್ಬಾಬಾಯಿಯ ಮನೆಯ ಮೇಲಿತ್ತು. ತಂಪು ಕಂಡು ಓಣಿಯವರು ಅಲ್ಲಿ ಸೇರಿದ್ದರು, ಒಳಗೆ ಹದಿನಾಲ್ಕು ಉಸಿರು. ಐದನೆಯ ಮನೆ ಕಪ್ಪು, ಒಳಗೆ ಒಂದೇ ಒಂದು ಉಸಿರು. ಕಲ್ಲುಚಪ್ಪಡಿಯ ಚಾವಣಿ ಹೆಂಚಿನಂತೆ ಕಾದಿತ್ತು. ಮೈ ಕಾವಿನ ಅಂಕಿ ಜಗದೇವಿ ನೋಡುತ್ತಿದ್ದಂತೆಯೇ ಒಂದು ಚೂರು ಮೇಲಕ್ಕೆ ಹೋಯಿತು.

ಗಂಡ ರೇವಣಸಿದ್ದ ಕಲ್ಲಿನ ಲಾರಿ ತೆಗೆದುಕೊಂಡು ಸೊಲ್ಲಾಪುರಕ್ಕೆ ಹೋಗಿದ್ದ. ಮಗಳು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದಳು. ಫೋನು ಮಾಡಿದರೆ ಚಂದಮ್ಮ ಎತ್ತಲಿಲ್ಲ. ಜಗದೇವಿ ಖಾಜಾಸಾಬನನ್ನು ಅಳಿಯನ ಮುಂದೆ ಕೂರಿಸಿ, ಒದ್ದೆ ಟವೆಲು ತಲೆಗೆ ಸುತ್ತಿಕೊಂಡು, ಜೀಪು ಹತ್ತಿ ಮನೆಗೆ ಹೋದಳು.

ಚಂದಮ್ಮ ನಡುಮನೆಯ ನೆಲದ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಕೂತಿದ್ದಳು. ಮೈ ಮುಟ್ಟಿದರೆ ಬೆವರೇ ಇರಲಿಲ್ಲ. ಅದನ್ನು ಕಂಡು ಜಗದೇವಿಗೆ ಭಯವಾಯಿತು.

“ಅತ್ತಿ, ಏಳ್ರಿ. ಬಾಜೂ ಮನ್ಯಾಗ ತಂಪದ. ಓಣಿಯವ್ರೆಲ್ಲಾ ಅಲ್ಲೇ ಅದಾರ.”

“ಇರಲಿ.”

“ಹುಸೇನನ ಮನ್ಯಾವ್ರು, ಗಣಿ ಕೆಲಸದ ಯಲ್ಲವ್ವ, ಆಕಿ ಕೂಸು, ಎಲ್ಲಾರೂ...”

“ಯಾರರೆ ಇರ್ಲಿ. ನಾ ಸತ್ರೂ ಅಲ್ಲಿ ಹೋಗಲ್ಲ. ಕಾಲು ತಾಸು ನಮಗೂ ಬರ್ತದಲ್ಲ, ಅದಕ್ಕ ಕುಂತೀನಿ.”

“ಇವತ್ತು ಬರಲ್ರಿ! ಇವತ್ತು ನಮ್ಮ ಮನಿಗಿ ಬರಂಗೇ ಇಲ್ಲ!”

“ನೀನೇ ಕೊಡಾಕಿ, ನಿನ್ನ ಮನಿಗಿ ಬರಂಗಿಲ್ಲೇನು?” ಚಂದಮ್ಮ ಕಣ್ಣು ಮುಚ್ಚಿದಳು. ಮಾತು ತೊದಲುತ್ತಿತ್ತು. “ಹಂಗಾದ್ರ ಅದೆಂಥಾ ನೌಕರಿ.”

ಎತ್ತಿಕೊಂಡು ಹೋಗೋಣವೆಂದರೆ ಚಂದಮ್ಮ ಹಗುರದ ಹೆಂಗಸಲ್ಲ, ಸಾಲದ್ದಕ್ಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಡುತ್ತಿದ್ದಳು. ನ್ಯಾಯ ಹೇಳಿ, ವಾದ ಮಾಡಿ ಗೆಲ್ಲುವ ಹುರುಪು ಜಗದೇವಿಯಲ್ಲಿ ಎಂದೋ ಬತ್ತಿಹೋಗಿತ್ತು. ಅವಳು ಫೋನು ತೆಗೆದು ಖಾಜಾಸಾಬನಿಗೆ ಹಚ್ಚಿದಳು. ಲೆಕ್ಕ ಬದಿಗಿಟ್ಟು ಕೈಯಿಂದಲೇ ಪಾಳಿ ಬದಲಿಸುವ ಒಂದು ಗುಂಡಿ ಪರದೆಯ ಮೂಲೆಯಲ್ಲಿತ್ತು. ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಬಿದ್ದಂಥ ಹೊತ್ತಿಗೆ ಮಾತ್ರ ಒತ್ತಬೇಕಾದದ್ದು.

“ನಮ್ಮ ಓಣಿದು ಆರರಿಂದ ಐದಕ್ಕ ತಾರ್ರಿ.”

“ಅಕ್ಕೋರ, ಆರನೇದ್ರಾಗ ಹದಿನಾಕು ಮಂದಿ ಅದಾರ. ಒಂದು ಕೂಸು ಅದ.”

“ಗೊತ್ತದ. ಒತ್ರಿ.”

ಎ.ಸಿ. ಗುರ್ರೆಂದು ಎದ್ದಿತು. ಅದೇ ಗಳಿಗೆಗೆ ಗೋಡೆಯ ಆಚೆ ಇನ್ನೊಂದು ಗುರ್ರೆನ್ನುವುದು ನಿಂತಿತು. ಜಗದೇವಿ ಅತ್ತೆಯ ಕೊರಳಿಗೆ, ಕಂಕುಳಿಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು. ತಣ್ಣನೆಯ ಗಾಳಿ ತನ್ನ ಬೆನ್ನಿಗೂ ಬಡಿಯುತ್ತಿತ್ತು, ಹಿತವಾಗಿತ್ತು. ಆ ಹಿತಕ್ಕೆ ಅವಳಿಗೆ ನಾಚಿಕೆಯಾಯಿತು. ಗೋಡೆಯ ಆಚೆ ಕೂಸು ಅಳತೊಡಗಿತು. ಮೊದಲು ಸಣ್ಣಗೆ, ಆಮೇಲೆ ಉಸಿರುಗಟ್ಟಿ ಅಳು. ಇಂಥ ಕೆಲಸ ಮಾಡಿದವಳು ತಾನೇ ಎಂದು ನೆನೆದು ಜಗದೇವಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಫೋನು ಎತ್ತಿ ಬದಲಿಸು ಎನ್ನಲು ಕೈ ಬರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಸುಬ್ಬಾಬಾಯಿ ಸೆರಗು ತಲೆಗೆ ಹೊದ್ದು ನಿಂತಿದ್ದಳು, ಕಂಕುಳಲ್ಲಿ ಯಲ್ಲವ್ವನ ಕೂಸು.

“ಅವ್ವಗ ಹೆಂಗದ?”

“ಬೆವರು ಬಂದಿಲ್ರಿ ಇನ್ನಾ.” ಜಗದೇವಿ ಆಕೆಯ ಮುಖ ನೋಡಲಾರದೆ ಹೇಳಿದಳು. “ಕರೆಂಟ್ ನಾನೇ ತಗೊಂಡೆ.”

“ತಿಳೀತು. ಎದ್ದ ಸಪ್ಪಳ ಗೋಡ್ಯಾಗ ಕೇಳ್ತು.” ಸುಬ್ಬಾಬಾಯಿ ಸಿಟ್ಟಾಗಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ಜೀವಮಾನವಿಡೀ ಆಸ್ಪತ್ರೆಯಲ್ಲಿ ಬೈಸಿಕೊಂಡು ಬೈದು ದಣಿದ ದನಿ ಅದು. “ಅಂಗಾಲಿಗೂ ಒದ್ದಿ ಬಟ್ಟಿ ಹಾಕು. ಉಪ್ಪು ಸಕ್ರಿ ನೀರು ಗುಟುಕು ಗುಟುಕು ಕುಡಸು. ಮತ್ತ ನೋಡು, ನಾವು ಹದಿನಾಕು ಮಂದಿ ಬಿಸಲಾಗ ನಿಂತೀವಿ. ಕರೆಂಟ್ ಎಲ್ಲಿ ಬಂದದೋ ಅಲ್ಲಿಗಿ ನಾವೂ ಬರಬೇಕಾತು. ಏನಂತೀರಿ, ಚಂದಮ್ಮ?”

ಆಕೆಯ ಹಿಂದೆ ಹುಸೇನನ ಮುದಿತಂದೆ, ಯಲ್ಲವ್ವ, ಮಕ್ಕಳು, ಎಲ್ಲರೂ ಗೋಡೆಯ ಕೈಯಗಲದ ನೆರಳಿಗೆ ಅಂಟಿಕೊಂಡು ನಿಂತಿದ್ದರು. ಜಗದೇವಿ ಬನ್ನಿ ಎಂದರೆ ನಾಳೆಯಿಂದ ಮನೆಯಲ್ಲಿ ರಣರಂಗ. ಆದರೆ ಕೂಸಿನ ತುಟಿ ಒಣಗಿ ಬಿಳಿಚಿತ್ತು.

ಚಂದಮ್ಮ ಕಣ್ಣು ತೆರೆದಳು. ಕೂಸನ್ನು ನೋಡಿದಳು. ಚಾಚಿದ್ದ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಮಡಚಿಕೊಂಡಳು. ನಡುಮನೆಯಲ್ಲಿ ಅಷ್ಟು ಜಾಗವಾಯಿತು.

ಅವರೆಲ್ಲ ಒಳಗೆ ಬಂದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಕಾದ ಚಾವಣಿಯ ಕೆಳಗೆ ಸುಬ್ಬಾಬಾಯಿಯ ಮನೆಯಷ್ಟು ತಂಪಾಗಲಿಲ್ಲ, ಒಬ್ಬಳ ಹಟಕ್ಕೆ ಎಲ್ಲರೂ ಅರೆಬೆಂದರು. ನಾಲ್ಕರ ಹೊತ್ತಿಗೆ ಚಂದಮ್ಮನ ಹಣೆಯ ಮೇಲೆ ಬೆವರು ಮೂಡಿತು. ಅಳಿಯನ ದಾಖಲೆಯಲ್ಲಿ ಆ ದಿನ ಕೋಡ್ಲಾಪುರದಲ್ಲಿ ಬಿಸಿಲಿಗೆ ಒಬ್ಬರೂ ಸತ್ತಿರಲಿಲ್ಲ. ದೂರುಗಳು ಮಾತ್ರ ಇದುವರೆಗಿನ ಎಲ್ಲ ದಿನಗಳಿಗಿಂತ ಹೆಚ್ಚಾಗಿದ್ದವು.

ಮಂಗಳವಾರ ನಸುಕಿನಲ್ಲಿ ಜಗದೇವಿ ಅಳಿಯನನ್ನು ಮತ್ತೆ ಬೋರಲು ಹಾಕಿದಳು. ಒಳಗೆಲ್ಲ ಅವಳೇ ಉಜ್ಜಿದ್ದರಿಂದ ಸ್ವಚ್ಛವಾಗಿ ಹೊಳೆಯುತ್ತಿತ್ತು. ಕೂರಿಸಲು ಅಷ್ಟು ಸತಾಯಿಸಿದ್ದ ಪಟ್ಟಿಗಳು ಬಿಚ್ಚುವಾಗ ಸುಮ್ಮನೆ ಎದ್ದು ಬಂದವು. ಅವನ್ನು ಅವು ಬಂದಿದ್ದ ಬೆಳ್ಳಿಬಣ್ಣದ ಚೀಲಗಳಿಗೆ ಹಾಕಿ, ಹಳೆಯ ಪಟ್ಟಿ ಕೂರಿಸಿ, ಹಳೆಯ ತಂತ್ರಾಂಶ ಏರಿಸಿದಳು. ಬುದ್ಧಿ ಬಂದಿದ್ದ ಯಂತ್ರವನ್ನು ಮತ್ತೆ ಮಂಕು ಮಾಡುತ್ತಿದ್ದೇನೆ ಎನಿಸಿತು. ಇಂಥದ್ದಕ್ಕೆಲ್ಲ ಅಳುವ ವಯಸ್ಸಲ್ಲ ಎಂದು ನೀರು ಕುಡಿದಳು.

ಸೆಟ್ಟಿಂಗ್ ಪುಟ ತೆರೆದಾಗ ಅವಳ ಕೈ ನಿಂತಿತು. ಒಂದು ಮನೆಗೆ ಎಷ್ಟು ಹೊತ್ತು: ಕಾಲು ಗಂಟೆ. ಮನೆಗಳ ಸರದಿ: ಕಲಸಿದ್ದು. ತಿಳಿವಳಿಕೆ ಸಂದೇಶ: ಇಲ್ಲ. ನಿನ್ನೆ ಹದಿನಾಲ್ಕು ಜನ ಕರೆಂಟಿನ ಹಿಂದೆ ಗೋಡೆ ದಾಟಿ ಬಂದದ್ದು ಅವಳ ಕಣ್ಣಿಗೆ ಕಟ್ಟಿತ್ತು. ಕಾಲು ಗಂಟೆಯನ್ನು ಅರ್ಧ ಗಂಟೆ ಮಾಡಿದಳು. ಕಲಸುವುದನ್ನು ತೆಗೆದು, ಬಾಗಿಲ ಸಂಖ್ಯೆಯಂತೆ ಸಾಲಾಗಿ ಎಂದು ಬರೆದಳು. ಪಾಳಿ ಯಾರದು, ಮುಂದೆ ಯಾರದು ಎಂದು ಓಣಿಯ ಎಲ್ಲರ ಫೋನಿಗೂ ಮೊದಲೇ ತಿಳಿಸು ಎಂದು ಗುರುತು ಹಾಕಿದಳು.

ಮಾಣಿಕರಾವ್ ಅದನ್ನು ಓದಿದರು. “ಎಲ್ಲಾರಿಗೂ ಸಮಾ ಅದಲ್ಲ?”

“ಸಮಾನೇ ಅದ್ರಿ. ಬೇಕಾದ್ರ ಅಳತಿ ಮಾಡ್ರಿ.”

“ಸಾಲಾಗಿ ಯಾಕ?”

“ಬೇಕಾದವ್ರು ಕರೆಂಟಿನ ಹಿಂದ ನಡೀಬಹುದು ಸರ್. ಒಂದು ಮನ್ಯಾಗ ಅರ್ಧ ತಾಸು, ಮುಂದಿನ ಮನ್ಯಾಗ ಅರ್ಧ ತಾಸು, ಸಾಲು ಮುಗದ್ರ ಮತ್ತ ಮೊದಲಿಂದ. ನಡದವ್ರಿಗಿ ಐದು ತಾಸೂ ತಂಪು. ಮನ್ಯಾಗೇ ಕೂಡವ್ರು ಕೂಡಬಹುದು.”

“ನಡೀತಾರಂತ ನಿನಗ ಅನಸ್ತದೇನ?”

“ನನಗೇನೂ ಅನಸಲ್ರಿ. ಭಾಳ ದಣಿವಾಗ್ಯಾದ. ಇವತ್ತು ಮಧ್ಯಾನ ರಜಾ ಕೊಡ್ರಿ.”

ಅವರು ಕೊಟ್ಟರು.

ಮನೆಯಲ್ಲಿ ಚಂದಮ್ಮ ಬೆಳಗಿನಿಂದ ಮಾತಾಡಿರಲಿಲ್ಲ. ನಿನ್ನೆ ಅಷ್ಟು ಜನ ಕೂತಿದ್ದ ನಡುಮನೆಯನ್ನು ಗೋಮೂತ್ರ ಹಾಕಿ ಒರೆಸಬಹುದೆಂದು ಜಗದೇವಿ ಎಣಿಸಿದ್ದಳು, ಹಾಗೇನೂ ಆಗಿರಲಿಲ್ಲ. ಹನ್ನೊಂದಕ್ಕೆ ಒಂದನೆಯ ಮನೆಗೆ ಕರೆಂಟು ಬಂತು. ಜನ ಅಲ್ಲಿ ಸೇರಿ, ಅರ್ಧ ಗಂಟೆಗೆ ಎದ್ದು, ಎರಡನೆಯದಕ್ಕೆ ಹೋದ ಸದ್ದು ಕೇಳಿಸಿತು. ನಾಲ್ಕನೆಯ ಮನೆಯ ಮುದುಕ ಮಾತ್ರ ತನ್ನ ಬಾಗಿಲು ಹಾಕಿಕೊಂಡ. ಜನ ಬೈದುಕೊಂಡು ಸುಬ್ಬಾಬಾಯಿಯ ಬೇವಿನ ಕೆಳಗೆ ಕಾದರು. ಐದನೆಯ ಪಾಳಿಗೆ ಅವರು ಯಾರನ್ನೂ ಕೇಳದೆ ಒಳಗೆ ಬಂದು ನಿನ್ನೆ ಕೂತಿದ್ದ ಜಾಗಗಳಲ್ಲೇ ಕೂತರು. ಚಂದಮ್ಮ ಎದುರು ಗೋಡೆ ನೋಡುತ್ತ ಕೂತಳು, ಕಾಲು ಮೊದಲೇ ಮಡಚಿಕೊಂಡಿದ್ದಳು.

ಅರ್ಧ ಗಂಟೆಗೆ ಎ.ಸಿ. ನಿಂತಿತು. ಗೋಡೆಯ ಆಚೆ ಇನ್ನೊಂದು ಎದ್ದಿತು. ಎಲ್ಲರೂ ಎದ್ದು ಹೋದರು. ಸುಬ್ಬಾಬಾಯಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಕರೆಯಲಿಲ್ಲ, ಹೋದಳು. ನಡುಮನೆ ಮತ್ತೆ ಕಾಯತೊಡಗಿತು.

ಕಾಲು ಹಿಡಿದು ಬೇಡುವುದೂ ಬೇಡ, ಫೋನು ತೆಗೆದು ಇನ್ನೊಂದು ಪಾಪ ಮಾಡುವುದೂ ಬೇಡ ಎಂದು ಜಗದೇವಿ ಗೋಡೆಗೆ ತಲೆಯಿಟ್ಟಳು. ಅತ್ತೆ ಇಲ್ಲೇ ಸಾಯುವುದಾದರೆ ತಾನು ಪಕ್ಕದಲ್ಲಿ ಕೂತಿರುತ್ತೇನೆ, ಅಷ್ಟೇ.

“ಜಗದೇವಿ.”

“ಏನ್ರಿ?”

“ತಂಬಿಗಿ ತುಂಬ ನೀರು ತಗೊ. ಆಕಿ ಮನ್ಯಾಗ ನಾ ನೀರು ಕುಡಿಯಲ್ಲ.”

ಹೀಗೆ ಚಂದಮ್ಮ ಸೊಸೆಯ ಹೆಗಲು ಹಿಡಿದು, ತನ್ನ ಮನೆಯ ನೀರು ಹಿಡಿಸಿಕೊಂಡು, ಪಕ್ಕದ ಮನೆಯ ಹೊಸ್ತಿಲು ದಾಟಿದಳು. ಯಾರೂ ತಿರುಗಿ ನೋಡಲಿಲ್ಲ, ಎಲ್ಲರೂ ಬೇಕೆಂದೇ ಬೇರೆಲ್ಲೋ ನೋಡಿದರು. ಚಂದಮ್ಮ ಬಾಗಿಲ ಹತ್ತಿರವೇ ಕೂತು ತಂಬಿಗೆಯನ್ನು ಪಕ್ಕಕ್ಕಿಟ್ಟುಕೊಂಡಳು. ಪಡಸಾಲೆ ನಿಜಕ್ಕೂ ತಂಪಾಗಿತ್ತು. ಹುಸೇನನ ಚಿಕ್ಕ ಮಗ ತೆವಳಿಕೊಂಡು ಬಂದು ತಂಬಿಗೆ ಎತ್ತಿ ಬಾಯಿ ಹಚ್ಚಿ ಕುಡಿದ. ಅವನ ಅಕ್ಕ ಕುಡಿದಳು. ಯಲ್ಲವ್ವ ಕೂಸಿಗೆ ಬೆರಳಲ್ಲಿ ಅದ್ದಿ ಚೀಪಿಸಿ, ಉಳಿದದ್ದನ್ನು ತಾನು ಮುಗಿಸಿದಳು.

“ಎಲ್ಲಾ ಕುಡದು ಮುಗಸಿದ್ರಲ್ರೋ!” ಎಂದಳು ಚಂದಮ್ಮ. ಯಾರಿಗೂ ಹೆದರಿಕೆಯಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ತುಟಿ ಸವರಿಕೊಳ್ಳತೊಡಗಿದಳು. ಜಗದೇವಿ ನೋಡಿ, ನಿಟ್ಟುಸಿರು ಬಿಟ್ಟು, ಮನೆಯಿಂದ ನೀರು ತರಲು ನೆಲಕ್ಕೆ ಕೈಯೂರಿ ಎದ್ದಳು. ಚಂದಮ್ಮ ಅವಳ ಸೀರೆಯ ಅಂಚು ಹಿಡಿದು ಜಗ್ಗಿ ಕೂರಿಸಿದಳು.

“ಕೂಡು. ಆ ಬಿಸಲಾಗ ಎಲ್ಲಿಗಿ ಹೋಗ್ತಿ, ಮಾರಿ ನೋಡ್ಕೊಂಡಿಯೇನು, ಹೆಂಗಾಗ್ಯಾದ.”

ಆಮೇಲೆ ಬರಿದಾದ ತಂಬಿಗೆಯನ್ನು ಎತ್ತಿ, ಯಾರ ಮುಖವನ್ನೂ ನೋಡದೆ, ಸುಬ್ಬಾಬಾಯಿಯ ಕಡೆ ಚಾಚಿದಳು.

“ಇದು ತುಂಬಿ ತಾ.”

ಸುಬ್ಬಾಬಾಯಿ ಎದ್ದು, ತಂಬಿಗೆಯನ್ನು ತೊಳೆದು, ತನ್ನ ಕೊಡದಿಂದ ತುಂಬಿಸಿ ತಂದಳು. ಚಂದಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಕುಡಿದಳು.